ಅರವತ್ತಕ್ಕೆ ಅರಳು ಮರಳೇ? ಹಿರಿಯರ ಭಾವನೆ, ತೀರ್ಮಾನ ಮತ್ತು ಮೆದುಳಿನ ಸ್ಕ್ಯಾನ್



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲ ಬೆಳೆದೆವು. ಈಗ ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿ ಆ ಗೆರೆಯನ್ನು ದಾಟಿದ್ದೇವೆ. ಗಾದೆ ನಿಜವೋ ಸುಳ್ಳೋ ಎಂಬುದು ಈಗ ಹರಟೆಯ ವಿಷಯವಾಗಿ ಉಳಿದಿಲ್ಲ. ಹೊಸೂರಿನ ಸುತ್ತ ಕಾರ್ಖಾನೆಗಳು ಬಂದಂತೆ ಜಮೀನಿನ ಬೆಲೆ ಏರಿದೆ. ಬಹಳ ಮನೆಗಳಲ್ಲಿ ಪಟ್ಟಾ ಇನ್ನೂ ತಾತನ ಹೆಸರಿನಲ್ಲೋ ಅಜ್ಜಿಯ ಹೆಸರಿನಲ್ಲೋ ಇದೆ. ಪಿಂಚಣಿ ಹಣ, ಬ್ಯಾಂಕಿನ ಠೇವಣಿ, ಅಜ್ಜಿಯ ಒಡವೆ, ಇವೆಲ್ಲದರ ಮೇಲೂ ಹಿರಿಯರ ಒಂದು ಸಹಿ ಅಥವಾ ಹೆಬ್ಬೆಟ್ಟು ಬೇಕು.

ಇಲ್ಲಿ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ‘ನಿಮಗೇನು ತಿಳಿಯುತ್ತೆ, ಸುಮ್ನೆ ಕೂತ್ಕೊಳಿ’ ಎಂದು ಹಿರಿಯರನ್ನು ಮೂಲೆಗೆ ತಳ್ಳುವುದು ಒಂದು. ಫೋನಿನಲ್ಲಿ ಗದರಿಸುವವನ ಮುಂದೆಯೋ, ಸಿಹಿಮಾತಿನ ದಲ್ಲಾಳಿಯ ಮುಂದೆಯೋ ಅವರನ್ನು ಒಂಟಿಯಾಗಿ ಬಿಡುವುದು ಇನ್ನೊಂದು. ಕಳೆದ ಮೂವತ್ತು ವರ್ಷಗಳಿಂದ ಮೆದುಳನ್ನು ಯಂತ್ರದಲ್ಲಿ ನೋಡಿ ನಡೆಸಿರುವ ಸಂಶೋಧನೆಗಳು ಈ ಎರಡರ ಮೇಲೂ ಬೆಳಕು ಚೆಲ್ಲುತ್ತವೆ. ಅವನ್ನು ಸರಳವಾಗಿ ಒಂದೆಡೆ ಸೇರಿಸಿ ಇಡೋಣವೆಂದು ಈ ಲೇಖನ.

ಭಾವನೆ ಬುದ್ಧಿಗೆ ಶತ್ರುವಲ್ಲ

‘ಭಾವನೆಯನ್ನು ಬದಿಗಿಟ್ಟು ಬುದ್ಧಿಯಿಂದ ತೀರ್ಮಾನ ಮಾಡು’ ಎಂದು ಹೇಳುವುದು ರೂಢಿ. ಸಾನಮಾವು ಕಾಡಿನ ಅಂಚಿನಲ್ಲಿ ಬೇಸಾಯ ಮಾಡುವವರಿಗೆ ಇದು ಪೂರ್ತಿ ಸರಿಯಲ್ಲವೆಂದು ಗೊತ್ತು. ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆ ಹಿಂಡು ಬಂದು ಬೀಡು ಬಿಡುತ್ತದೆ. ರಾತ್ರಿ ಹೊಲ ಕಾಯುವವರಿಗೆ ಕೊಂಬೆ ಮುರಿದ ಸದ್ದು ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕಾಲು ತಾನಾಗಿ ಹಿಂದಕ್ಕೆ ಬರುತ್ತದೆ. ಆನೆ ಎಷ್ಟು ದೂರ, ಗಾಳಿ ಯಾವ ಕಡೆ ಎಂಬ ಲೆಕ್ಕವೆಲ್ಲ ಆಮೇಲೆ. ಆ ಹೆದರಿಕೆಯೇ ಮೊದಲ ತೀರ್ಮಾನ.

ಅಮೆರಿಕದ ಅಯೋವಾದಲ್ಲಿ ಆಂಟೋನಿಯೊ ದಮಾಸಿಯೊ ಎಂಬ ನರವೈದ್ಯರು ಇದನ್ನೇ ಶಾಸ್ತ್ರೀಯವಾಗಿ ತೋರಿಸಿದರು. ಹಣೆಯ ಹಿಂದೆ, ಮೆದುಳಿನ ಮುಂಭಾಗದ ತಳದಲ್ಲಿ ಪೆಟ್ಟಾದ ಕೆಲವು ರೋಗಿಗಳು ಅವರ ಬಳಿ ಬರುತ್ತಿದ್ದರು. ಅವರ ಜ್ಞಾಪಕ, ಮಾತು, ಲೆಕ್ಕ ಎಲ್ಲವೂ ಸರಿಯಾಗಿತ್ತು. ಆದರೆ ಬದುಕಿನಲ್ಲಿ ಒಂದಾದ ಮೇಲೊಂದು ತಪ್ಪು ತೀರ್ಮಾನ ಮಾಡಿ ಹಣ, ಕೆಲಸ, ಸಂಸಾರ ಕಳೆದುಕೊಳ್ಳುತ್ತಿದ್ದರು.

1994ರಲ್ಲಿ ದಮಾಸಿಯೊ ಅವರ ಸಹೋದ್ಯೋಗಿ ಬೆಚಾರಾ ಮತ್ತು ಜೊತೆಗಾರರು ಇಂಥವರಿಗಾಗಿ ಒಂದು ಎಲೆಯಾಟವನ್ನು ಪ್ರಕಟಿಸಿದರು. ನಾಲ್ಕು ಕಟ್ಟು ಎಲೆಗಳು. ಎರಡು ಕಟ್ಟುಗಳಲ್ಲಿ ಪ್ರತಿ ಎಲೆಗೂ ದೊಡ್ಡ ಲಾಭ, ಆದರೆ ನಡುನಡುವೆ ಬರುವ ದಂಡ ಅದಕ್ಕಿಂತ ದೊಡ್ಡದು. ಉಳಿದೆರಡರಲ್ಲಿ ಲಾಭ ಚಿಕ್ಕದು, ದಂಡವೂ ಚಿಕ್ಕದು, ಕೊನೆಗೆ ಕೈಯಲ್ಲಿ ಹಣ ಉಳಿಯುತ್ತದೆ. ಆರೋಗ್ಯವಂತರು ಕೆಲವು ಸುತ್ತು ಆಡಿದ ಮೇಲೆ ಕೆಟ್ಟ ಕಟ್ಟಿನತ್ತ ಕೈ ಚಾಚುವಾಗಲೇ ಅವರ ಅಂಗೈ ಸಣ್ಣಗೆ ಬೆವರುತ್ತಿತ್ತು. ಯಾವ ಕಟ್ಟು ಕೆಟ್ಟದ್ದೆಂದು ಬಾಯಲ್ಲಿ ಹೇಳಲು ಬರುವ ಮೊದಲೇ ಮೈಗೆ ತಿಳಿದುಹೋಗುತ್ತಿತ್ತು. ಆ ರೋಗಿಗಳಿಗೆ ಅಂಗೈ ಬೆವರಲಿಲ್ಲ, ಕೆಟ್ಟ ಕಟ್ಟನ್ನೂ ಬಿಡಲಿಲ್ಲ. ಒಳಗಿನ ಎಚ್ಚರಿಕೆಯ ಗಂಟೆ ಕೆಟ್ಟರೆ ಬುದ್ಧಿ ಎಷ್ಟಿದ್ದರೂ ಸಾಲದು ಎಂಬುದು ಇದರ ಸಾರ.

ಯಂತ್ರ ನೋಡುವುದೇನನ್ನು?

ಆಸ್ಪತ್ರೆಯ ಎಂ.ಆರ್.ಐ. ಸ್ಕ್ಯಾನ್ ನಮ್ಮಲ್ಲಿ ಹಲವರಿಗೆ ಪರಿಚಿತ. ದೊಡ್ಡ ಅಯಸ್ಕಾಂತದ ಕೊಳವೆ, ಡಬಡಬ ಸದ್ದು, ಅಲುಗಾಡಬಾರದೆಂಬ ಕಟ್ಟಪ್ಪಣೆ. ಅದರಲ್ಲಿ ಎಕ್ಸ್‌ರೇ ಕಿರಣವಿಲ್ಲ. ಅದು ಮೆದುಳಿನ ಆಕಾರವನ್ನು ತೋರಿಸುತ್ತದೆ. ಅದೇ ಯಂತ್ರದಿಂದ ಮೆದುಳು ಕೆಲಸ ಮಾಡುವುದನ್ನೂ ಗುರುತಿಸಬಹುದೆಂದು 1990ರಲ್ಲಿ ಜಪಾನಿನ ಸೈಜಿ ಒಗಾವಾ ದಾರಿ ತೋರಿದರು. ಮೆದುಳಿನ ಒಂದು ಭಾಗ ಚುರುಕಾದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಮುಂದೆ ಸಣ್ಣ ವ್ಯತ್ಯಾಸವಿದೆ. ಯಂತ್ರ ಹಿಡಿಯುವುದು ಆ ವ್ಯತ್ಯಾಸವನ್ನು.

ಯಂತ್ರ ಯೋಚನೆಯನ್ನು ಓದುವುದಿಲ್ಲ. ಯೋಚನೆಯ ಹಿಂದೆ ಕೆಲವು ಸೆಕೆಂಡು ತಡವಾಗಿ ಬರುವ ರಕ್ತದ ಹರಿವನ್ನು ಅಳೆಯುತ್ತದೆ. ಸ್ಕ್ಯಾನಿನಲ್ಲಿ ಕಾಣುವ ಕೆಂಪು ಹಳದಿ ಬಣ್ಣ ಲೆಕ್ಕಾಚಾರ ಮಾಡಿದ ಮೇಲೆ ಕಂಪ್ಯೂಟರ್ ಬಳಿಯುವ ಬಣ್ಣ.

ಮುಂದಿನ ವಿಷಯಕ್ಕೆ ಮೂರು ಹೆಸರು ನೆನಪಿದ್ದರೆ ಸಾಕು. ಬಾದಾಮಿಯಾಕಾರದ ಅಮಿಗ್ಡಲಾ, ಭಯ ಮುಂತಾದ ತೀವ್ರ ಭಾವನೆಗಳಿಗೆ ಸ್ಪಂದಿಸುವ ಜಾಗ. ಕಿವಿಯ ಮೇಲ್ಗಡೆ ಮಡಿಕೆಯೊಳಗೆ ಅಡಗಿರುವ ಇನ್ಸುಲಾ, ಹೊಟ್ಟೆ ತೊಳಸಿದಂತಾಗುವುದು, ‘ಯಾಕೋ ಸರಿ ಕಾಣ್ತಿಲ್ಲ’ ಎನಿಸುವುದು ಇಂಥ ಒಳಸೂಚನೆಗಳ ಜಾಗ. ಮೆದುಳಿನ ಒಳಗಿರುವ ಸ್ಟ್ರಯೇಟಮ್, ಲಾಭದ ಆಸೆಗೆ ಚುರುಕಾಗುವ ಜಾಗ.

ವಯಸ್ಸಾದಂತೆ ಬದಲಾಗುವುದು

2004ರಲ್ಲಿ ಮಾರಾ ಮ್ಯಾಥರ್ ಮತ್ತು ಸಂಗಡಿಗರು ಕಿರಿಯರಿಗೂ ಹಿರಿಯರಿಗೂ ಸಂತೋಷದ ಚಿತ್ರ, ದುಃಖ ಅಥವಾ ಭಯ ತರುವ ಚಿತ್ರಗಳನ್ನು ತೋರಿಸಿ ಸ್ಕ್ಯಾನ್ ಮಾಡಿದರು. ಹಿರಿಯರ ಅಮಿಗ್ಡಲಾ ಒಳ್ಳೆಯ ಚಿತ್ರಗಳಿಗೆ ಹೆಚ್ಚು ಸ್ಪಂದಿಸಿತು, ಕೆಟ್ಟವಕ್ಕೆ ಕಡಿಮೆ. ಸ್ಟ್ಯಾನ್‌ಫರ್ಡಿನ ಲಾರಾ ಕಾರ್ಸ್ಟೆನ್ಸನ್ ಇದಕ್ಕೆ ಕೊಡುವ ಕಾರಣ ನಮ್ಮ ಹಿರಿಯರ ಮಾತಿನಂತೆಯೇ ಇದೆ. ಉಳಿದ ಕಾಲ ಕಡಿಮೆ ಎಂದು ತಿಳಿದಾಗ ಮನುಷ್ಯ ಜಗಳ, ಚಿಂತೆಗಳನ್ನು ಬಿಟ್ಟು ಮನಸ್ಸಿಗೆ ಹಿತವಾದದ್ದನ್ನು ಆರಿಸಿಕೊಳ್ಳುತ್ತಾನೆ. ಹಿರಿಯರಿಗೆ ನೆಮ್ಮದಿ ಹೆಚ್ಚು ಎಂದು ಅನೇಕ ಸಮೀಕ್ಷೆಗಳೂ ಹೇಳಿವೆ.

2007ರಲ್ಲಿ ಅದೇ ಸ್ಟ್ಯಾನ್‌ಫರ್ಡಿನಲ್ಲಿ ಹಣದ ಆಟ ಆಡಿಸಿ ನೋಡಿದರು. ‘ಈಗ ಲಾಭ ಬರಬಹುದು’ ಎಂಬ ಸೂಚನೆಗೆ ಹಿರಿಯರ ಮೆದುಳು ಯುವಕರಷ್ಟೇ ಚುರುಕಾಯಿತು. ‘ಈಗ ನಷ್ಟ ಆಗಬಹುದು’ ಎಂಬ ಸೂಚನೆಗೆ ಮಾತ್ರ ಅಷ್ಟು ಚುರುಕಾಗಲಿಲ್ಲ. ಕೈಗೆ ಬಂದ ಲಾಭಕ್ಕೂ ಆದ ನಷ್ಟಕ್ಕೂ ಇಬ್ಬರೂ ಒಂದೇ ರೀತಿ ಸ್ಪಂದಿಸಿದರು. ವ್ಯತ್ಯಾಸವಿದ್ದದ್ದು ಮುಂಚಿತವಾಗಿ ಬರುವ ಅಳುಕಿನಲ್ಲಿ. ಟೊಮೇಟೊ ನಾಟಿ ಮಾಡುವಾಗ ‘ರಾಯಕೋಟೆ ಮಂಡಿಯಲ್ಲಿ ಬೆಲೆ ಬಂದರೆ’ ಎಂಬ ಆಸೆ ಎಲ್ಲ ವಯಸ್ಸಿನಲ್ಲೂ ಒಂದೇ. ‘ಬೆಲೆ ಬಿದ್ದರೆ’ ಎಂಬ ಅಳುಕು ಮಾತ್ರ ವಯಸ್ಸಾದಂತೆ ಮೆತ್ತಗಾಗಬಹುದು.

2012ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಸಂಶೋಧಕರು ಮುಖಗಳ ಫೋಟೋ ತೋರಿಸಿ, ಇವರನ್ನು ನಂಬಬಹುದೇ ಎಂದು ಕೇಳಿದರು. ನಂಬಲರ್ಹ ಮುಖಗಳ ವಿಷಯದಲ್ಲಿ ಹಿರಿಯರೂ ಕಿರಿಯರೂ ಒಂದೇ ರೀತಿ ಹೇಳಿದರು. ಸಂಶಯಾಸ್ಪದ ಮುಖಗಳನ್ನು ಮಾತ್ರ ಹಿರಿಯರು ಹೆಚ್ಚು ನಂಬಿದರು. ಅವನ್ನು ನೋಡುವಾಗ ಅವರ ಇನ್ಸುಲಾ ಕಿರಿಯರಷ್ಟು ಎಚ್ಚರಗೊಳ್ಳಲಿಲ್ಲ.

2017ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ನೇಥನ್ ಸ್ಪ್ರೆಂಗ್ ಮತ್ತು ಸಂಗಡಿಗರು ಹಣದ ವಿಷಯದಲ್ಲಿ ನಿಜವಾಗಿ ಮೋಸಹೋಗಿದ್ದ 13 ಹಿರಿಯರನ್ನೂ, ಅಂಥದೇ ಸಂದರ್ಭದಿಂದ ಪಾರಾಗಿದ್ದ 13 ಹಿರಿಯರನ್ನೂ ಹೋಲಿಸಿದರು. ಎಲ್ಲರೂ ಆರೋಗ್ಯವಂತರೇ. ಮೋಸಹೋದವರಲ್ಲಿ ಇನ್ಸುಲಾ ಭಾಗದ ಪದರ ತೆಳುವಾಗಿತ್ತು.

ಬದಲಾಗದೆ ಉಳಿಯುವುದು

ಇಷ್ಟನ್ನು ಓದಿ ಗಾದೆಯೇ ನಿಜವೆನ್ನಬೇಡಿ. ಮೇಲೆ ಹೇಳಿದ ಎಲೆಯಾಟವನ್ನು ಅಯೋವಾದ ನಟಾಲಿ ಡೆನ್‌ಬರ್ಗ್ ಆರೋಗ್ಯವಂತ ಹಿರಿಯರಿಗೆ ಆಡಿಸಿದಾಗ ಒಂದು ಪಾಲು ಜನ ಕೆಟ್ಟ ಕಟ್ಟಿಗೆ ಅಂಟಿಕೊಂಡರು. ಮೋಸದ ಜಾಹೀರಾತನ್ನು ನಂಬುವುದೂ ಅವರಲ್ಲಿ ಹೆಚ್ಚಿತ್ತು. ಉಳಿದ ಹಿರಿಯರು ಚೆನ್ನಾಗಿಯೇ ಆಡಿದರು. ಅಂದರೆ ವಯಸ್ಸು ಒಂದೇ ಆದರೂ ಎಲ್ಲರೂ ಒಂದೇ ಅಲ್ಲ.

ಹೊಸದನ್ನು ಬೇಗ ಗ್ರಹಿಸುವ ಶಕ್ತಿ ವಯಸ್ಸಿನೊಂದಿಗೆ ತಗ್ಗುತ್ತದೆ. ಕಲಿತದ್ದು, ಕಂಡದ್ದು, ಅನುಭವದಿಂದ ಬಂದದ್ದು ಬಹುಕಾಲ ಉಳಿಯುತ್ತದೆ. ಪರಿಚಿತ ವಿಷಯದಲ್ಲಿ, ಅವಸರವಿಲ್ಲದಾಗ, ಹಿರಿಯರ ತೀರ್ಮಾನ ಕಿರಿಯರಿಗಿಂತ ಮೇಲಾಗುವುದೂ ಉಂಟು. ಯಾವ ಹೊಲಕ್ಕೆ ಯಾವ ಬೆಳೆ, ಯಾರಿಗೆ ಸಾಲ ಕೊಟ್ಟರೆ ಹಿಂತಿರುಗುತ್ತದೆ ಎಂದು ತಾತನನ್ನು ಕೇಳಿದರೆ ಅವರಿಗೆ ಗೊತ್ತಿರುತ್ತದೆ. ವಿಷಯ ಹೊಸದಾಗಿ, ಎದುರಿನವನು ಅಪರಿಚಿತನಾಗಿ, ‘ಈಗಲೇ ಆಗಬೇಕು’ ಎಂಬ ಒತ್ತಡವೂ ಸೇರಿದಾಗ ಅಪಾಯ. ಮೋಸಗಾರರು ಈ ಮೂರನ್ನೂ ಒಟ್ಟಿಗೆ ತರುತ್ತಾರೆ. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲೇ ಕೂಡಿಹಾಕುವ ‘ಡಿಜಿಟಲ್ ಅರೆಸ್ಟ್’ ನಡೆಯುವುದೂ ಹೀಗೆಯೇ. ಅಂಥದೊಂದು ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅದಕ್ಕೆ ಕಿರಿಯರೂ ಓದಿದವರೂ ಸಿಕ್ಕಿಬಿದ್ದಿದ್ದಾರೆ, ಆದ್ದರಿಂದ ಮೋಸಹೋದ ಹಿರಿಯರನ್ನು ಹಂಗಿಸುವುದು ತರವಲ್ಲ.

ಈ ಸಂಶೋಧನೆಯನ್ನು ಎಷ್ಟು ನಂಬಬೇಕು?

2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನ್ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಲೆಕ್ಕವನ್ನು ಸಡಿಲವಾಗಿ ಮಾಡಿದಾಗ ಸತ್ತ ಮೀನಿನ ಮೆದುಳೂ ‘ಚುರುಕಾದಂತೆ’ ಕಂಡಿತು, ಬಿಗಿಯಾಗಿ ಮಾಡಿದಾಗ ಏನೂ ಕಾಣಲಿಲ್ಲ. ಲೆಕ್ಕ ಸರಿಯಿಲ್ಲದಿದ್ದರೆ ಯಂತ್ರ ಇಲ್ಲದ್ದನ್ನೂ ತೋರಿಸೀತು ಎಂದು ಎಚ್ಚರಿಸಲು ಮಾಡಿದ ಪ್ರಯೋಗವಿದು.

ಇನ್ನೂ ಮೂರು ಮಾತು ನೆನಪಿನಲ್ಲಿರಲಿ. ಒಂದು, 13 ಮತ್ತು 13 ಜನರ ಹೋಲಿಕೆ ಚಿಕ್ಕದು. ಅದು ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಎರಡು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರ ರಕ್ತನಾಳಗಳು ಬೇರೆ ರೀತಿ ಸ್ಪಂದಿಸುತ್ತವೆ. ಯಂತ್ರ ಅಳೆಯುವುದು ರಕ್ತದ ಹರಿವನ್ನಾದ್ದರಿಂದ ಹಿರಿಯರನ್ನೂ ಕಿರಿಯರನ್ನೂ ಹೋಲಿಸುವಾಗ ತೊಡಕಿದೆ. ಮೂರು, ಇವುಗಳಲ್ಲಿ ಹೆಚ್ಚಿನವು ಅಮೆರಿಕದ ಓದಿದ ಹಿರಿಯರ ಮೇಲೆ ನಡೆದವು. ಹಾಂಗ್‌ಕಾಂಗಿನಲ್ಲಿ ಹೆಲೆನ್ ಫಂಗ್ ಮತ್ತು ಸಂಗಡಿಗರು ಹಿರಿಯರ ಕಣ್ಣಿನ ಚಲನೆ ನೋಡಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಲ್ಲಿನ ಹಿರಿಯರು ಸಂತೋಷದ ಮುಖದಿಂದ ಕಣ್ಣು ಹೊರಳಿಸುತ್ತಿದ್ದರು. ಅಮೆರಿಕದ ಮಾತು ಎಲ್ಲ ನಾಡಿಗೂ ಹಾಗೆಯೇ ಹೊಂದುವುದಿಲ್ಲ.

ಆದ್ದರಿಂದ ಒಬ್ಬರ ಸ್ಕ್ಯಾನ್ ನೋಡಿ ‘ಇವರು ಮೋಸಹೋಗುವವರು’, ‘ಇವರಿಗೆ ಸಹಿ ಹಾಕುವ ಯೋಗ್ಯತೆ ಇಲ್ಲ’ ಎಂದು ಹೇಳಲು ಇಂದು ಸಾಧ್ಯವಿಲ್ಲ. ಮೇಲಿನವೆಲ್ಲ ಗುಂಪಿನ ಸರಾಸರಿಯ ಮಾತು. ಯಾರಾದರೂ ಹಾಗೆ ಹೇಳಿ ಹಿರಿಯರಿಂದ ಅಧಿಕಾರ ಕಿತ್ತುಕೊಳ್ಳಲು ಬಂದರೆ ಒಪ್ಪಬೇಡಿ.

ನಮ್ಮ ಪಕ್ಕದಲ್ಲೇ ನಡೆಯುತ್ತಿರುವ ಕೆಲಸ

ನಮ್ಮ ಜನರ ಮೆದುಳಿನ ಬಗ್ಗೆ ತಿಳಿಯಲು ನಮ್ಮ ಜನರನ್ನೇ ನೋಡಬೇಕು. ಆ ಕೆಲಸ ನಮಗೆ ದೂರದಲ್ಲಿಲ್ಲ. 1974ರಲ್ಲಿ ಈಗಿನ ರೂಪ ಪಡೆದ ನಿಮ್ಹಾನ್ಸ್ ಸಂಸ್ಥೆ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರವಿದೆ, ಅದರ ಹೊಸ ಕಟ್ಟಡವನ್ನು ಪ್ರಧಾನಿಗಳು 2022ರ ಜೂನ್‌ನಲ್ಲಿ ಉದ್ಘಾಟಿಸಿದರು. ಈ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನವೊಂದನ್ನು ನಡೆಸುತ್ತಿದೆ. 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುವ ಗುರಿ ಅದರದು. ಜ್ಞಾಪಕ ಪರೀಕ್ಷೆ, ರಕ್ತ ಪರೀಕ್ಷೆ, ಎಂ.ಆರ್.ಐ. ಎಲ್ಲವೂ ಅದರಲ್ಲಿವೆ. ಮರೆಗುಳಿತನದ ಕಾಯಿಲೆ ಯಾರಿಗೆ, ಏಕೆ ಬರುತ್ತದೆ ಎಂಬುದೇ ಅದರ ಮುಖ್ಯ ಪ್ರಶ್ನೆ. ಆದರೂ ನಮ್ಮಂತೆ ಗಡಿಯಲ್ಲಿದ್ದು, ಕನ್ನಡ ತೆಲುಗು ಎರಡನ್ನೂ ಆಡುತ್ತ, ರಾಗಿ ಟೊಮೇಟೊ ಬೆಳೆಯುವ ಜನರ ಮೆದುಳು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆಂದು ತಿಳಿಯಲು ಇಂಥ ಅಧ್ಯಯನವೇ ಬೇಕು.

ಭಾಷೆಯ ಮಾತೂ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆಗುಳಿತನದ ರೋಗಿಗಳನ್ನು ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸವಿತ್ತು. ಎರಡಕ್ಕಿಂತ ಹೆಚ್ಚು ಭಾಷೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲವಂತೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ನಮ್ಮ ಹಿರಿಯರಿಗೆ ಎರಡು ಭಾಷೆಯ ಲಾಭವಂತೂ ಇರಬಹುದು.

ಆದರೆ ಇದೇ ಬಹುಭಾಷೆ ವೈದ್ಯರ ಕೋಣೆಯಲ್ಲಿ ತೊಡಕಾಗುತ್ತದೆ. ‘ಈ ಮೂರು ಪದ ನೆನಪಿಡಿ, ಈ ವಾಕ್ಯ ಓದಿ’ ಎಂಬ ಪರೀಕ್ಷೆಯನ್ನು ತಮಿಳಿನಲ್ಲಿ ಕೊಟ್ಟರೆ, ತಮಿಳು ಮಾತಾಡಬಲ್ಲರೂ ಓದಲಾರದ ಅಜ್ಜಿಗೆ ಅಂಕ ಕಡಿಮೆ ಬರುತ್ತದೆ. ಅದು ಮೆದುಳಿನ ದೋಷವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಜ್ಞಾಪಕ ಪರೀಕ್ಷೆಗಳು ಕನ್ನಡದಲ್ಲೂ ಇವೆ. ‘ದಯವಿಟ್ಟು ಕನ್ನಡದಲ್ಲಿ ಪರೀಕ್ಷಿಸಿ’ ಎಂದು ಕೇಳಲು ಸಂಕೋಚ ಬೇಡ.

ಕಾಗದಪತ್ರ ಮತ್ತು ಕಾನೂನು

ಕಡತಗಳ ನಡುವೆ ಕಾಲ ಕಳೆದ ನಮಗೆ ಈ ವಿಷಯ ಮುಖ್ಯವೆನಿಸುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 12ನೇ ಕಲಮಿನ ಪ್ರಕಾರ, ಕರಾರು ಮಾಡಿಕೊಳ್ಳುವ ಹೊತ್ತಿಗೆ ಅದನ್ನು ಅರ್ಥಮಾಡಿಕೊಂಡು ತನ್ನ ಹಿತವನ್ನು ತೂಗಿ ನೋಡಬಲ್ಲವರು ಸ್ವಸ್ಥಚಿತ್ತರು. ಅಲ್ಲಿ ವಯಸ್ಸಿನ ಮಿತಿ ಇಲ್ಲ. 16ನೇ ಕಲಮು ಅನುಚಿತ ಪ್ರಭಾವದ ಬಗ್ಗೆ ಹೇಳುತ್ತ, ವಯಸ್ಸು ಅಥವಾ ಕಾಯಿಲೆಯಿಂದ ಮನಸ್ಸಿನ ಶಕ್ತಿ ಕುಂದಿದವರನ್ನು ಬಳಸಿಕೊಳ್ಳುವುದನ್ನೂ ಸೇರಿಸಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಂತೆ, ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ, ನ್ಯಾಯಮಂಡಳಿ ರದ್ದು ಮಾಡಬಹುದು. ಆದ್ದರಿಂದ ದಾನಪತ್ರ ಬರೆಸುವಾಗ ಆ ಷರತ್ತನ್ನು ಪತ್ರದಲ್ಲೇ ಸೇರಿಸಿ.

ಮನೆಯಲ್ಲಿ ಪಾಲಿಸಬಹುದಾದ್ದು

1. ಹಣ, ಜಮೀನಿನ ವಿಷಯದಲ್ಲಿ ಒಂದು ರಾತ್ರಿ ಕಳೆಯದೆ ಸಹಿ ಹಾಕಬೇಡಿ. ನಾಳೆಯವರೆಗೆ ಕಾಯದ ಲಾಭವನ್ನು ಸಂಶಯದಿಂದಲೇ ನೋಡಿ.

2. ತಮಿಳಿನ ಪತ್ರವನ್ನು ನಂಬಿಕಸ್ಥರೊಬ್ಬರಿಂದ ಕನ್ನಡದಲ್ಲಿ ಪೂರ್ತಿ ಹೇಳಿಸಿಕೊಳ್ಳಿ. ಓದುವವರು ಆ ವ್ಯವಹಾರದಲ್ಲಿ ಪಾಲಿಲ್ಲದವರಾಗಿರಲಿ. ಆಮೇಲೆ ಹಿರಿಯರೇ ತಮ್ಮ ಮಾತಿನಲ್ಲಿ ಅದನ್ನು ತಿರುಗಿ ಹೇಳಲಿ.

3. ಲಾಭದ ಮಾತು ಮುಗಿದ ಮೇಲೆ ‘ಇದರಲ್ಲಿ ಏನೇನು ಕಳೆದುಕೊಳ್ಳಬಹುದು?’ ಎಂದು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಯಿರಿ. ಒಳಗಿನ ಗಂಟೆ ಮೆತ್ತಗೆ ಬಾರಿಸಿದರೂ ಕಾಗದ ಎಚ್ಚರಿಸುತ್ತದೆ.

4. ದೊಡ್ಡ ಮೊತ್ತ ಕಳಿಸುವ ಮುನ್ನ ಮನೆಯ ಒಬ್ಬರಿಗೆ ತಿಳಿಸುವ ಪದ್ಧತಿ ಇರಲಿ. ಇದು ಹಿರಿಯರಿಗೆ ಮಾತ್ರವಲ್ಲ, ಮನೆಯ ಎಲ್ಲರಿಗೂ ಅನ್ವಯವಾಗಲಿ. ಆಗ ಯಾರಿಗೂ ಅವಮಾನವಿಲ್ಲ.

5. ಮುಖ್ಯ ಮಾತುಕತೆಯನ್ನು ಬೆಳಿಗ್ಗೆ, ಊಟ ನಿದ್ದೆ ಸರಿಯಾದ ಮೇಲೆ, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಕೊಂಡು ನಡೆಸಿ.

6. ಕೊನೆಯ ತೀರ್ಮಾನ ಹಿರಿಯರದೇ ಆಗಿರಲಿ. ಜೊತೆಗೆ ಕೂರುವುದು ಬೇರೆ, ಅವರ ಜಾಗದಲ್ಲಿ ಕೂರುವುದು ಬೇರೆ.

ವೈದ್ಯರನ್ನು ಕಾಣಬೇಕಾದಾಗ

ಜಿಪುಣರಾಗಿದ್ದವರು ಇದ್ದಕ್ಕಿದ್ದಂತೆ ಹಣ ಚೆಲ್ಲುವುದು, ಸೌಮ್ಯರಾಗಿದ್ದವರು ಒರಟಾಗುವುದು, ಇನ್ನೊಬ್ಬರ ನೋವಿಗೆ ಸ್ಪಂದಿಸದಿರುವುದು, ಪರಿಚಿತ ಲೆಕ್ಕ ತಪ್ಪುವುದು ಕಂಡರೆ ‘ವಯಸ್ಸಾಯಿತು’ ಎಂದು ಬಿಡಬೇಡಿ. ಮೆದುಳಿನ ಮುಂಭಾಗವನ್ನು ಹಿಡಿಯುವ ಒಂದು ಬಗೆಯ ಕಾಯಿಲೆಯಲ್ಲಿ ಮರೆವಿಗಿಂತ ಮೊದಲು ಸ್ವಭಾವ, ವಿವೇಚನೆ ಬದಲಾಗುತ್ತವೆ. ಥೈರಾಯ್ಡ್ ತೊಂದರೆ, ಬಿ 12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಪರಿಣಾಮದಿಂದಲೂ ಮಂಕು ಕವಿಯಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ.

ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆಗಳು: ಆನ್‌ಲೈನ್ ಹಣದ ಮೋಸವಾದರೆ ಕೂಡಲೇ 1930. ಹಿರಿಯ ನಾಗರಿಕರ ಸಹಾಯವಾಣಿ 14567. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಇಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಅರವತ್ತಕ್ಕೆ ಎಲ್ಲರಿಗೂ ಅರಳು ಮರಳಾಗುವುದಿಲ್ಲ. ಕೆಲವರಲ್ಲಿ ಎಚ್ಚರಿಕೆಯ ಗಂಟೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಅದಕ್ಕೆ ಬೇಕಾದದ್ದು ಸಮಯ, ತಿಳಿಯುವ ಭಾಷೆ ಮತ್ತು ಪಕ್ಕದಲ್ಲಿ ಒಬ್ಬ ನಂಬಿಕಸ್ಥರು. ಈ ಲೇಖನವನ್ನು ಫೋನ್ ನೋಡದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕೆಂದು ಕೋರುತ್ತೇವೆ.

ಇಂತಿ,
ಕಾರ್ಯದರ್ಶಿ
ಸಾನಮಾವು